ಘಾಟಿ ಏರುವಾಗ ಪಿಕಪ್ ಎಳೆಯದಿದ್ದರೆ: ಮೊದಲು ಹೊಗೆ ನೋಡಿ



ಈ ಸಲ ಸಭೆ-ಸಮಾರಂಭದ ವರದಿ ಬಿಟ್ಟು ಒಂದು ಗಾಡಿಯ ವಿಚಾರ ಬರೆಯುತ್ತಿದ್ದೇನೆ. ನಮ್ಮ ತಾಳವಾಡಿ ಕಡೆ ಹಳೆಯ ಡೀಸೆಲ್ ಪಿಕಪ್ ನಂಬಿ ಬದುಕುವ ಸದಸ್ಯರು ಬಹಳ. ಹೊಸೂರು, ಜತ್ತ ಕಡೆಯವರಿಗೂ ಇದು ಉಪಯೋಗಕ್ಕೆ ಬರಬಹುದು.

ನಮ್ಮ ಕಾರ್ಯಕ್ರಮಕ್ಕೆ ಸತ್ಯಮಂಗಲದಿಂದ ಕುರ್ಚಿ, ಶಾಮಿಯಾನ ತರುತ್ತಿದ್ದ ಸದಸ್ಯರೊಬ್ಬರ ಪಿಕಪ್, ಬಣ್ಣಾರಿ ದಾಟಿ ದಿಂಬಂ ಘಾಟಿ ಹತ್ತುವಾಗ ಸೋತುಬಿಟ್ಟಿತು. 27 ತಿರುವುಗಳ ಏರು ಅದು. ಅರ್ಧ ದಾರಿಯಲ್ಲಿ ಒಂದನೇ ಗೇರಿನಲ್ಲೂ ಎಳೆಯಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು ಹತ್ತು ನಿಮಿಷ ಆಫ್ ಮಾಡಿ ನಿಲ್ಲಿಸಿ ಹೊರಟರೆ ಸ್ವಲ್ಪ ದೂರ ಚೆನ್ನಾಗಿಯೇ ಹತ್ತಿತು, ಆಮೇಲೆ ಮತ್ತೆ ಅದೇ ಕಥೆ. ಒಂದು ಗ್ಯಾರೇಜಿನವರು "ಎಂಜಿನ್ ಬೋರಿಗೆ ಬಂದಿದೆ, ಎಂಬತ್ತು ಸಾವಿರ ಆಗುತ್ತೆ" ಅಂದರಂತೆ. ಮನೆಯವರ ಸರ ಅಡವಿಡುವುದೋ ಬೇಡವೋ ಎಂದು ಕೇಳಲು ನನ್ನ ಬಳಿ ಬಂದರು.

ನಾನು ಮೆಕ್ಯಾನಿಕ್ ಅಲ್ಲ, ನಿವೃತ್ತ ಗುಮಾಸ್ತ. ಆದರೆ ಕಡತ ಮುಂದೆ ಹೋಗದಿದ್ದರೆ ಯಾವ ಮೇಜಿನಲ್ಲಿ ನಿಂತಿದೆ ಎಂದು ಹುಡುಕುವುದು ನನ್ನ ಕಸುಬಾಗಿತ್ತು. ಎಂಜಿನ್ನಿಗೂ ಅದೇ ರೀತಿ ಎಂದು ಹೇಳಿಕೊಟ್ಟವರು ನಮ್ಮ ಕಚೇರಿ ಜೀಪಿನ ಹಳೆಯ ಡ್ರೈವರ್. ಡೀಸೆಲ್ ಬರಬೇಕು, ಗಾಳಿ ಬರಬೇಕು, ಸಿಲಿಂಡರಿನಲ್ಲಿ ಒತ್ತಡ ಇರಬೇಕು, ಹೊಗೆ ಹೊರಗೆ ಹೋಗಬೇಕು. ಇವುಗಳಲ್ಲಿ ಯಾವುದು ನಿಂತಿದೆ ಎಂಬುದನ್ನು ಸೈಲೆನ್ಸರ್ ಹೊಗೆಯೇ ಬಹುಮಟ್ಟಿಗೆ ಹೇಳುತ್ತದೆ.

ಎಳೆತವಿಲ್ಲದೆ ಕಪ್ಪು ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲದು ಎಂದರ್ಥ. ಏರ್ ಫಿಲ್ಟರ್ ತೆಗೆದು ನೋಡಿ. ಟರ್ಬೊ ಇದ್ದರೆ ಅದರ ರಬ್ಬರ್ ಪೈಪು ಸೀಳಿದೆಯೇ ನೋಡಿ, ಲೋಡಿನಲ್ಲಿ ಸುಸ್ ಎಂಬ ಸದ್ದು ಕೇಳುತ್ತದೆ. ಇಂಜೆಕ್ಟರ್ ಕೆಟ್ಟರೂ ಕಪ್ಪು ಹೊಗೆ ಬರುವುದುಂಟು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಕಂಡರೆ ಗಾಬರಿ ಬೇಡ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬರುತ್ತಾ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ನಮ್ಮವರನ್ನು ಕೇಳಿದೆ. "ಹೊಗೆಯೇ ಇಲ್ಲ ಅಣ್ಣ, ಸುಮ್ನೆ ಸತ್ತಂಗಾಯ್ತದೆ" ಅಂದರು. ಹೊಗೆಯೂ ಇಲ್ಲ, ಎಳೆತವೂ ಇಲ್ಲ ಎಂದರೆ ಡೀಸೆಲ್ಲೇ ಸಾಕಷ್ಟು ಬರುತ್ತಿಲ್ಲ ಎಂದು ಅನುಮಾನಿಸಬೇಕು. ಬೋರ್ ಸವೆದ ಎಂಜಿನ್ ಹತ್ತು ನಿಮಿಷ ನಿಂತ ಮಾತ್ರಕ್ಕೆ ಸುಧಾರಿಸುವುದಿಲ್ಲವಲ್ಲ!

ಡೀಸೆಲ್ ದಾರಿಯನ್ನು ಟ್ಯಾಂಕಿನಿಂದಲೇ ಹಿಡಿದೆವು. ಟ್ಯಾಂಕ್ ಮುಚ್ಚಳ ಕಳೆದುಹೋಗಿ ಬೇರೆ ಯಾವುದೋ ಮುಚ್ಚಳ ಹಾಕಿದ್ದರು. ಡೀಸೆಲ್ ತುಳುಕದಿರಲಿ ಎಂದು ಅದಕ್ಕೆ ಪ್ಲಾಸ್ಟಿಕ್ ಕವರ್ ಬೇರೆ ಬಿಗಿದಿದ್ದರು. ಒಂದಷ್ಟು ದೂರ ಓಡಿಸಿ ಬಂದು ತೆರೆದಾಗ ಸೊಯ್ ಎಂದು ಗಾಳಿ ಒಳಗೆ ಎಳೆಯಿತು. ಡೀಸೆಲ್ ಖರ್ಚಾದ ಜಾಗಕ್ಕೆ ಗಾಳಿ ಬಾರದಿದ್ದರೆ ಪಂಪು ಎಳೆದೂ ಎಳೆದೂ ಸೋಲುತ್ತದೆ. ಏರಿನಲ್ಲಿ ಡೀಸೆಲ್ ಹೆಚ್ಚು ಬೇಕು, ಹಾಗಾಗಿ ಬೇಗ ಸೋಲುತ್ತದೆ. ನಿಲ್ಲಿಸಿದರೆ ಸಂದಿನಿಂದ ಗಾಳಿ ನುಸುಳಿ ಚೇತರಿಸುತ್ತದೆ. ಡೀಸೆಲ್ ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿದಾಗ ನೀರೂ ಬಂತು. ಕ್ಯಾನಿನಲ್ಲಿ ಡೀಸೆಲ್ ತುಂಬಿಟ್ಟುಕೊಳ್ಳುವ ಅಭ್ಯಾಸದ ಫಲ ಇರಬೇಕು. ಸರಿಯಾದ ಮುಚ್ಚಳ, ಹೊಸ ಫಿಲ್ಟರ್ ಹಾಕಿ, ಕೈಪಂಪು ಒತ್ತಿ ಲೈನಿನ ಗಾಳಿ ತೆಗೆಸಿದರು. ಸರ ಅಡವಿಡುವ ಪ್ರಮೇಯ ಬರಲಿಲ್ಲ. ಆ ವಾರವೇ ಗೊಬ್ಬರದ ಮೂಟೆ ಹೇರಿಕೊಂಡು ನಿಲ್ಲದೆ ದಿಂಬಂ ಹತ್ತಿ ಬಂದರು.

ಎಲ್ಲಾ ಸಲ ಇಷ್ಟು ಸುಲಭ ಅಲ್ಲ. ಎಂಜಿನ್ ಕೂಗು ಏರಿದರೂ ಗಾಡಿ ಓಡದಿದ್ದರೆ ತಪ್ಪು ಕ್ಲಚ್ಚಿನದು. ಒಂದು ಚಕ್ರದ ಡ್ರಮ್ ಮಾತ್ರ ಕೈ ಇಡಲಾಗದಷ್ಟು ಕಾದಿದ್ದರೆ ಬ್ರೇಕ್ ಹಿಡಿದಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರೆ ಬುಸುಬುಸು ಹೊಗೆ ಬರುವುದು, ಜೊತೆಗೆ ನೀಲಿ ಹೊಗೆ, ಆಯಿಲ್ ಖರ್ಚು ಇದ್ದರೆ ಬೋರಿನ ಮಾತಿಗೆ ಅರ್ಥವಿದೆ. ಆಗಲೂ ಕಂಪ್ರೆಷನ್ ಗೇಜ್ ಹಾಕಿಸಿ, ಪ್ರತಿ ಸಿಲಿಂಡರಿನ ಅಂಕಿ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಎಂಜಿನ್ ಬಿಚ್ಚಿಸಬೇಡಿ.

ಒಂದು ಎಚ್ಚರಿಕೆ. ಹಳೆಯ ಪಂಪಿನ ಗಾಡಿಯಲ್ಲಿ ಇಂಜೆಕ್ಟರ್ ನಟ್ ಸಡಿಲಿಸಿ ಪರೀಕ್ಷಿಸುವ ರೂಢಿಯಿದೆ. ಕಾಮನ್ ರೇಲ್ ಎಂಜಿನ್ನಿಗೆ ಅದನ್ನು ಖಂಡಿತ ಮಾಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಅಂಥ ಗಾಡಿಗೆ ಸ್ಕ್ಯಾನರ್ ಇರುವ ಗ್ಯಾರೇಜೇ ಸರಿ.

ಕುರ್ಚಿ, ಶಾಮಿಯಾನದ ಬಾಡಿಗೆ ಲೆಕ್ಕವನ್ನು ಮುಂದಿನ ತಿಂಗಳ ಸಭೆಯಲ್ಲಿ ಮಂಡಿಸುತ್ತೇನೆ.

– ಕಾರ್ಯದರ್ಶಿ