ಹರೆಯದ ದಿನಗಳೇ ಯಾಕೆ ಅಷ್ಟು ಚಂದ?

"ನಮ್ಮ ಕಾಲವೇ ಚಂದ ಇತ್ತು."
ಈ ಮಾತು ಕೇಳದ ಮನೆ ಇದೆಯಾ?

ಶಿರಸಿ ಹತ್ತಿರದ ಸೋಂದಾ ಸ್ವರ್ಣವಲ್ಲಿ.
ಆ ಸುತ್ತಿನ ಯಾವ ಜಗಲಿಯಲ್ಲಾದರೂ ಕೂತು ನೋಡಿ.
ಅರವತ್ತು ದಾಟಿದವರ ಬಾಯಲ್ಲಿ
ಎಂಬತ್ತರ ದಶಕದ್ದೇ ಮಾತು.

ಯಕ್ಷಗಾನದಲ್ಲಿ ಚಿಟ್ಟಾಣಿಯವರ ಭಸ್ಮಾಸುರ.
ಆಟ ಮುಗಿಸಿ, ಬೆಳಗಿನ ಇಬ್ಬನಿಯಲ್ಲಿ ಮನೆಗೆ ನಡೆದದ್ದು.

1983ರ ಸೆಪ್ಟೆಂಬರ್ 8.
ಸಾಲ್ಕಣಿಯ ಯುವಕರು ಕೊಡಲಿಗೆ ಅಡ್ಡ ನಿಂತು
ಮರ ಅಪ್ಪಿಕೊಂಡ ದಿನ.
ಅಪ್ಪಿಕೋ ಚಳವಳಿ!

ಆದರೆ ಆ ದಶಕವೇ ಯಾಕೆ?

ಮನಶ್ಶಾಸ್ತ್ರಜ್ಞರು ಕಂಡುಕೊಂಡದ್ದು ಕೇಳಿ.
ವಯಸ್ಸಾದವರ ನೆನಪಿನ ಬುತ್ತಿಯಲ್ಲಿ
10ರಿಂದ 30ರ ವಯಸ್ಸಿನ ನೆನಪುಗಳೇ ಜಾಸ್ತಿ.
ಎಂಬತ್ತರ ದಶಕದಲ್ಲಿ ಜಗಲಿಯ ಆ ಹಿರಿಯರದ್ದೂ ಅದೇ ಹರೆಯ.

ಅಡಿಕೆ ಒಣಗಿಸೋಕೆ
ಅಂಗಳ ಹೊಸದಾಗಿ ಮಾಡ್ತೇವಲ್ಲ?
ಮಣ್ಣು ಹಸಿ ಇದ್ದಾಗ
ಪುಟ್ಟ ಕರು ಓಡಿದರೂ ಗೊರಸಿನ ಗುರುತು ಮೂಡ್ತದೆ.
ಒಣಗಿದ ಮೇಲೆ?
ಎತ್ತೇ ನಡೆದರೂ ಗುರುತಿಲ್ಲ.

ಹರೆಯದ ಮನಸ್ಸು
ಆ ಹಸಿ ಅಂಗಳ.

ಆಗ ಎಲ್ಲವೂ ಮೊದಲ ಸಲ.
ಮೊದಲ ಸಂಬಳ.
ಮೊದಲ ಪ್ರೀತಿ.
ಗೆಳೆಯರ ಜೊತೆ ಸುತ್ತಿದ ಮಾರಿಕಾಂಬಾ ಜಾತ್ರೆ.
'ನಾನು ಯಾರು' ಅಂತ ಗೊತ್ತಾಗೋದೂ ಆಗಲೇ.

ಆ ಕಥೆಯನ್ನ ಮತ್ತೆ ಮತ್ತೆ ಹೇಳ್ತೇವೆ.
ಹೇಳಿದಷ್ಟೂ ನೆನಪು ಗಟ್ಟಿ.

ಕಷ್ಟ ಇರಲಿಲ್ವಾ?
ಇತ್ತು.
ಮಳೆಯಲ್ಲಿ ಬಸ್ಸಿಗಾಗಿ ಮೈಲಿಗಟ್ಟಲೆ ನಡಿಗೆ.
ಆದರೆ ನೋವು ಬೇಗ ಮಾಸ್ತದೆ,
ಖುಷಿ ನಿಧಾನಕ್ಕೆ.

ಅಜ್ಜ "ನಮ್ಮ ಕಾಲದಲ್ಲಿ..." ಅಂತ ಶುರು ಮಾಡಿದ್ರೆ
ಫೋನ್ ಕೆಳಗಿಡಿ.
ಕವಳದ ತಟ್ಟೆ ಅವರ ಕಡೆ ಸರಿಸಿ.
"ಆಮೇಲೆ ಏನಾಯ್ತು ಅಜ್ಜಾ?" ಅಂತ ಕೇಳಿ.

ಅವರು ಹೇಳೋದು ಬರೀ ಹಳೇ ಕಥೆಯಲ್ಲ.
ತಾವು ಯಾರು ಅನ್ನೋದನ್ನ.