ಕೇಳುವವರಿಲ್ಲದ ಪ್ಯಾಕೇಜುಗಳು

ಲಿನಕ್ಸ್ ಕಂಪ್ಯೂಟರಿಗೆ ಒಂದು ತಂತ್ರಾಂಶ ಹಾಕಿಕೊಳ್ಳಲು ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪಿಸಿದರೆ ಸಾಕು. ತೆಗೆಯಲೂ ಒಂದೇ ಸಾಲು. ಆದರೆ ಹಾಕುವಾಗ ಬಂದದ್ದೆಲ್ಲ ತೆಗೆಯುವಾಗ ಹೋಗುವುದಿಲ್ಲ. ಡೆಬಿಯನ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರೊಬ್ಬರು ಮನೆಯ ಕಾರ್ಯಕ್ರಮದ ವಿಡಿಯೊ ಕತ್ತರಿಸಿ ಜೋಡಿಸಲೆಂದು ಕೆಡೆನ್‌ಲೈವ್ ಹಾಕಿಕೊಂಡರು ಎನ್ನಿ. ಅದು ಕೆಡಿಇ ಎಂಬ ಬೇರೊಂದು ಡೆಸ್ಕ್‌ಟಾಪಿನ ಬಳಗದ ತಂತ್ರಾಂಶ. ಅದಕ್ಕೆ ಕ್ಯೂಟಿ ಲೈಬ್ರರಿಗಳು ಬೇಕು, ಕೆಡಿಇಯವೇ ಆದ ಹಲವು ಲೈಬ್ರರಿಗಳು ಬೇಕು, ವಿಡಿಯೊ ಜೋಡಿಸುವ ನಿಜವಾದ ಕೆಲಸ ಮಾಡುವ ಮೆಲ್ಟ್ ಬೇಕು, ಎಫ್‌ಎಫ್‌ಎಂಪೆಗ್ ಬೇಕು. ಕೇಳಿದ್ದು ಒಂದು, ಇಳಿದದ್ದು ಹತ್ತಾರು. ಕೆಲಸ ಮುಗಿದ ಮೇಲೆ ಕೆಡೆನ್‌ಲೈವ್ ತೆಗೆದರೆ ಹೋಗುವುದು ಕೆಡೆನ್‌ಲೈವ್ ಮಾತ್ರ. ದಿಬ್ಬಣದ ಯಜಮಾನ ಹೊರಟುಹೋದರೂ ಜೊತೆಗೆ ಬಂದ ನೆಂಟರು ಜಗಲಿಯಲ್ಲೇ ಉಳಿದ ಹಾಗೆ, ಉಳಿದ ಪ್ಯಾಕೇಜುಗಳು ಡಿಸ್ಕಿನಲ್ಲೇ ಕೂತಿರುತ್ತವೆ.

ಲಿನಕ್ಸ್ ಬಳಸುವವರು ಇವನ್ನು ಅನಾಥ ಪ್ಯಾಕೇಜುಗಳು ಎನ್ನುತ್ತಾರೆ. ಇವುಗಳ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಡಿಸ್ಕಿನ ಜಾಗದ ಸುತ್ತಲೇ ಸುತ್ತುತ್ತದೆ: ಎಷ್ಟು ಜಿಬಿ ಉಳಿಯಿತು, ಯಾವ ಕಮಾಂಡ್ ಎಷ್ಟು ಗುಡಿಸಿತು. ಡಿಸ್ಕುಗಳು ಇಷ್ಟು ದೊಡ್ಡದಾಗಿರುವ ಕಾಲದಲ್ಲಿ ಜಾಗ ನನಗೆ ಮುಖ್ಯವಾಗಿ ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು. ಈ ಪ್ಯಾಕೇಜು ನನ್ನ ಕಂಪ್ಯೂಟರಿನಲ್ಲಿ ಯಾಕಿದೆ? ಇದನ್ನು ನೋಡಿಕೊಳ್ಳುತ್ತಿರುವವರು ಯಾರು? ಮೊದಲನೆಯದಕ್ಕೆ ಕಂಪ್ಯೂಟರೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ನಾವೇ ಹುಡುಕಬೇಕು.

ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟು, ಮಿಂಟ್‌ಗಳಲ್ಲಿ ಪ್ಯಾಕೇಜುಗಳ ಲೆಕ್ಕ ಇಡುವುದು ಆ್ಯಪ್ಟ್. ನೀವು ಹೆಸರು ಹೇಳಿ ಕರೆಸಿಕೊಂಡದ್ದು ಯಾವುದು, ಅದರ ಬೆನ್ನಿಗೆ ತಾನಾಗಿ ಬಂದದ್ದು ಯಾವುದು ಎಂಬುದನ್ನು ಅದು ಮರೆಯುವುದಿಲ್ಲ. ವಾರ್ ಡೈರೆಕ್ಟರಿಯೊಳಗೆ ಲಿಬ್, ಅದರೊಳಗೆ ಆ್ಯಪ್ಟ್, ಅದರೊಳಗೆ ಎಕ್ಸ್‌ಟೆಂಡೆಡ್ ಸ್ಟೇಟ್ಸ್ ಎಂಬ ಒಂದು ಫೈಲ್ ಇದೆ. ತೆರೆದು ನೋಡಿದರೆ ಗೂಢವಾದದ್ದೇನೂ ಇಲ್ಲ, ಬರಿಯ ಪಠ್ಯ. ಒಂದೊಂದು ಪ್ಯಾಕೇಜಿಗೂ ಮೂರು ಸಾಲು: ಹೆಸರು, ಯಾವ ಬಗೆಯ ಪ್ರೊಸೆಸರಿಗೆ, ಕೊನೆಗೆ ‘ಆಟೊ ಇನ್‌ಸ್ಟಾಲ್ಡ್: 1’. ಆ 1 ಎಂದರೆ ಇದು ಇನ್ನೊಂದಕ್ಕಾಗಿ ಬಂದದ್ದು ಎಂದರ್ಥ. ಅದನ್ನು ಬೇಕೆನ್ನುವ ಪ್ಯಾಕೇಜು ಒಂದೂ ಉಳಿಯದಿದ್ದಾಗ, ಮುಂದಿನ ಸಲ ನೀವು ಆ್ಯಪ್ಟ್ ಬಳಸುವಾಗ ‘ಇವು ತಾನಾಗಿ ಬಂದಿದ್ದವು, ಈಗ ಬೇಕಿಲ್ಲ’ ಎಂದು ಒಂದು ಪಟ್ಟಿ ಮುಂದಿಡುತ್ತದೆ. ಆಟೊರಿಮೂವ್ ಎಂಬ ಕಮಾಂಡ್ ಕೊಟ್ಟರೆ ಅವೆಲ್ಲ ಹೋಗುತ್ತವೆ.

ಈ ಕಮಾಂಡ್ ಎಂದರೆ ಕೆಲವರಿಗೆ ಭಯ. ಆದರೆ ಆ್ಯಪ್ಟ್ ಈ ವಿಷಯದಲ್ಲಿ ಬಹಳ ಎಚ್ಚರಿಕೆಯದು. ಒಂದು ಪ್ಯಾಕೇಜು ಇನ್ನೊಂದಕ್ಕೆ ಕಡ್ಡಾಯವಾಗಿ ಬೇಕಿರಬೇಕೆಂದಿಲ್ಲ. ‘ಇದ್ದರೆ ಒಳ್ಳೆಯದು’ ಎಂಬ ಸಲಹೆ ಇದ್ದರೂ ಅದು ಮುಟ್ಟುವುದಿಲ್ಲ. ಹಾಗಾಗಿ ಅದು ತೋರಿಸುವ ಪಟ್ಟಿ ಸಾಮಾನ್ಯವಾಗಿ ನಿಜವಾದ ಅನಾಥಗಳ ಸಂಖ್ಯೆಗಿಂತ ಚಿಕ್ಕದೇ ಇರುತ್ತದೆ.

ಆಟೊರಿಮೂವ್ ಓಡಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಭದ್ರತಾ ಅಪ್‌ಡೇಟ್ ಬಂದಾಗ ಹೊಸ ಕರ್ನಲ್ ಹಳೆಯದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಬೇರೆ ಪ್ಯಾಕೇಜಾಗಿ ಕೂರುತ್ತದೆ. ಹೊಸದು ಬೂಟ್ ಆಗದಿದ್ದರೆ ಹಳೆಯದರಲ್ಲಿ ಏಳಲಿ ಎಂದು ಮಾಡಿದ ವ್ಯವಸ್ಥೆ ಇದು, ಒಳ್ಳೆಯದೇ. ಆದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಲಿನಕ್ಸ್ ಹಾಕಿಕೊಂಡವರಲ್ಲಿ ಬೂಟ್ ಫೈಲುಗಳಿಗೆ ಬೇರೆಯದೇ ಚಿಕ್ಕ ವಿಭಾಗ ಇರುತ್ತದೆ. ನಾಲ್ಕಾರು ಕರ್ನಲ್ ಸೇರಿದರೆ ಅದು ತುಂಬಿತು. ಮುಂದಿನ ಅಪ್‌ಡೇಟ್ ಅರ್ಧದಲ್ಲಿ ‘ಜಾಗವಿಲ್ಲ’ ಎಂದು ನಿಲ್ಲುತ್ತದೆ. ಹೊಸ ಕರ್ನಲ್ ಅರೆಬರೆ ಕೂತು, ಆ ಬಳಿಕ ಯಾವ ಪ್ಯಾಕೇಜು ಹಾಕಲು ಹೋದರೂ ಅದೇ ದೋಷ ಎದುರಾಗುತ್ತದೆ. ಡೇಟಾ ಇಟ್ಟುಕೊಂಡ ಮುಖ್ಯ ವಿಭಾಗದಲ್ಲಿ ನೂರು ಜಿಬಿ ಖಾಲಿ ಇದ್ದರೂ ಇದು ತಪ್ಪಿದ್ದಲ್ಲ. ಈಗ ಓಡುತ್ತಿರುವ ಕರ್ನಲ್ಲನ್ನೂ ತೀರಾ ಇತ್ತೀಚಿನದನ್ನೂ ಆ್ಯಪ್ಟ್ ಉಳಿಸಿಕೊಂಡು ಹಳೆಯವನ್ನಷ್ಟೇ ಅನಾಥವೆಂದು ಗುರುತಿಸುತ್ತದೆ. ಆಟೊರಿಮೂವ್ ಅನ್ನು ಆಗಾಗ ಓಡಿಸಿ ಎಂದು ಹಿರಿಯ ಬಳಕೆದಾರರು ಹೇಳುವುದರ ಹಿಂದಿನ ಕಾರಣ ಇದು.

ಆದರೆ ಆ್ಯಪ್ಟ್‌ಗೆ ತಿಳಿದಿರುವುದು ಪ್ಯಾಕೇಜಿಗೂ ಪ್ಯಾಕೇಜಿಗೂ ಇರುವ ನಂಟು ಮಾತ್ರ. ಪ್ಯಾಕೇಜಿಗೂ ನಿಮಗೂ ಇರುವ ನಂಟು ಅದಕ್ಕೆ ಗೊತ್ತಿಲ್ಲ. ಮೇಲಿನ ಕೆಡೆನ್‌ಲೈವ್ ಪ್ರಸಂಗವನ್ನೇ ತೆಗೆದುಕೊಳ್ಳಿ. ಜೊತೆಗೆ ಬಂದಿದ್ದ ಎಫ್‌ಎಫ್‌ಎಂಪೆಗ್ ಅನ್ನು ಬಳಸಿ, ಹಳೆಯ ತಾಳಮದ್ದಲೆಯ ರೆಕಾರ್ಡಿಂಗ್‌ಗಳನ್ನೆಲ್ಲ ಎಂಪಿ3 ಮಾಡುವ ಒಂದು ಪುಟ್ಟ ಸ್ಕ್ರಿಪ್ಟನ್ನು ನೀವು ಬರೆದಿಟ್ಟುಕೊಂಡಿರಬಹುದು. ನಿಮ್ಮ ಸ್ಕ್ರಿಪ್ಟ್ ಯಾವ ಪ್ಯಾಕೇಜಿನಲ್ಲೂ ಇಲ್ಲ, ಹಾಗಾಗಿ ಎಫ್‌ಎಫ್‌ಎಂಪೆಗ್ ಯಾರಿಗೂ ಬೇಡವೆಂದು ಆ್ಯಪ್ಟ್ ತಿಳಿಯುತ್ತದೆ. ಸೋರ್ಸ್‌ನಿಂದ ನೀವೇ ಕಂಪೈಲ್ ಮಾಡಿಕೊಂಡ ತಂತ್ರಾಂಶಗಳ ಕತೆಯೂ ಹೀಗೆಯೇ. ಇದಕ್ಕೆ ಪರಿಹಾರ ಸುಲಭ: ‘ಆ್ಯಪ್ಟ್ ಮಾರ್ಕ್ ಮ್ಯಾನ್ಯುಯಲ್’ ಎಂದು ಬರೆದು ಪ್ಯಾಕೇಜಿನ ಹೆಸರು ಕೊಟ್ಟರೆ ಅದು ನೀವೇ ಕರೆಸಿಕೊಂಡದ್ದೆಂದು ದಾಖಲಾಗುತ್ತದೆ. ಬಳಿಕ ಆಟೊರಿಮೂವ್ ಅದರ ತಂಟೆಗೆ ಹೋಗುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಇದನ್ನು ಮೊದಲು ಮಾಡಬೇಕಾದದ್ದು ಕನ್ನಡದ ಪ್ಯಾಕೇಜುಗಳಿಗೆ. ಲಿನಕ್ಸ್‌ನಲ್ಲಿ ಕನ್ನಡ ಟೈಪಿಸುವ ಹಲವರು ಐಬಸ್ ಜೊತೆಗೆ ಎಂ17ಎನ್ ಬಳಸುತ್ತಾರೆ. ಜಪಾನಿನ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಹುಟ್ಟಿದ ಈ ಯೋಜನೆಯ ಡೇಟಾಬೇಸಿನಲ್ಲಿ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ವಿನ್ಯಾಸಗಳು ಇವೆ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಬೇರೆ ಬೇರೆ ಪ್ಯಾಕೇಜುಗಳು. ಇಂಥವನ್ನು ಬಹಳ ಸಲ ನಾವು ಹೆಸರು ಹೇಳಿ ಕರೆಸಿಕೊಂಡಿರುವುದಿಲ್ಲ. ಒಟ್ಟುಗೂಡಿಸಿ ತರುವ ಮೆಟಾಪ್ಯಾಕೇಜುಗಳ ಬೆನ್ನಿಗೆ ಬರುತ್ತವೆ. ಆ ಮೆಟಾಪ್ಯಾಕೇಜಿನೊಳಗೆ ಫೈಲುಗಳೇನೂ ಇರುವುದಿಲ್ಲವಾದ್ದರಿಂದ, ಇನ್ಯಾವುದನ್ನೋ ತೆಗೆಯುವಾಗ ಅದೂ ಹೋದರೆ ಗಮನಕ್ಕೆ ಬರುವುದಿಲ್ಲ. ಆಮೇಲೆ ಅದು ತಂದದ್ದೆಲ್ಲ ಅನಾಥ. ಕೆಲವು ವರ್ಗದ ಮೆಟಾಪ್ಯಾಕೇಜುಗಳಿಗೆ ಆ್ಯಪ್ಟ್‌ನಲ್ಲಿ ವಿನಾಯಿತಿ ಇದೆ, ಎಲ್ಲಕ್ಕೂ ಇಲ್ಲ. ಐಬಸ್, ಎಂ17ಎನ್, ನೀವು ದಿನವೂ ಓದುವ ಫಾಂಟು, ಇಷ್ಟನ್ನು ಮ್ಯಾನ್ಯುಯಲ್ ಎಂದು ಗುರುತು ಹಾಕಿಡಿ. ಒಂದು ಬೆಳಿಗ್ಗೆ ಕಗಪ ಮಾಯವಾಗಿ ಕೀಲಿಮಣೆ ಬರಿಯ ಇಂಗ್ಲಿಷ್ ಮೂಡಿಸುವಂತಾದರೆ, ಲಿನಕ್ಸ್ ಕನ್ನಡಕ್ಕೆ ಆಗಿಬರುವುದಿಲ್ಲ ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು.

ಒಂದು ಪ್ಯಾಕೇಜು ಯಾಕಿದೆ ಎಂದು ಹೊಳೆಯದಿದ್ದಾಗ ಆ್ಯಪ್ಟಿಟ್ಯೂಡ್ ಎಂಬ ಇನ್ನೊಂದು ತಂತ್ರಾಂಶ ನೆರವಿಗೆ ಬರುತ್ತದೆ. ಅದಕ್ಕೆ ‘ವೈ’ ಎಂದು ಕೇಳಿ ಹೆಸರು ಕೊಟ್ಟರೆ, ಇಂಥದ್ದಕ್ಕೆ ಇಂಥದ್ದು ಬೇಕು, ಅದಕ್ಕೆ ಇದು ಬೇಕು ಎಂದು ಸರಪಳಿಯನ್ನೇ ಬಿಡಿಸಿ ತೋರಿಸುತ್ತದೆ. ನನಗೆ ಬಹಳ ಇಷ್ಟವಾದ ಕಮಾಂಡ್ ಇದು. ಯಾವುದನ್ನೇ ಅಳಿಸುವ ಮುಂಚೆ ಒಮ್ಮೆ ಕೇಳಿ ನೋಡಬೇಕು.

ಬೇರೆ ಲಿನಕ್ಸ್‌ಗಳಲ್ಲಿ ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಇದೇ. ಫೆಡೋರಾದಲ್ಲಿ ಡಿಎನ್‌ಎಫ್‌ಗೂ ಆಟೊರಿಮೂವ್ ಇದೆ. ಆರ್ಚ್‌ನ ಪ್ಯಾಕ್‌ಮ್ಯಾನ್ ಅನಾಥಗಳ ಪಟ್ಟಿ ಕೊಡುತ್ತದೆ, ಅಳಿಸುವುದು ಬಿಡುವುದು ನಿಮಗೆ ಸೇರಿದ್ದು. ಜೆಂಟೂದಲ್ಲಿ ಡೆಪ್‌ಕ್ಲೀನ್. ಇನ್ನು ತೆಗೆದ ಮೇಲೂ ಉಳಿಯುವ ಕಾನ್ಫಿಗರೇಷನ್ ಫೈಲುಗಳು: ಅವು ಚಿಕ್ಕವು, ಅವಸರವಿಲ್ಲ, ಪರ್ಜ್ ಎಂಬ ಆಯ್ಕೆ ಅವನ್ನೂ ಒರೆಸುತ್ತದೆ.

ಇಷ್ಟು ಹೇಳಿದ್ದೆಲ್ಲ ಮೊದಲ ಪ್ರಶ್ನೆಗೆ ಸೇರಿದ್ದು. ನಿಜವಾದ ಅಪಾಯ ಇರುವುದು ಎರಡನೆಯದರಲ್ಲಿ, ಮತ್ತು ಅದನ್ನು ಆಟೊರಿಮೂವ್ ಕಾಣುವುದೇ ಇಲ್ಲ.

ಡೆಬಿಯನ್ 11ರಿಂದ 12ಕ್ಕೆ ಏರಿದವರನ್ನು ನೋಡಿ. ಪೈಥಾನ್ 2ಕ್ಕೆ ಅದರ ರಚನಕಾರರ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರ ಪ್ಯಾಕೇಜು ಭಂಡಾರದಲ್ಲಿ (ರೆಪಾಸಿಟರಿ) ಅದು ಇಲ್ಲವೇ ಇಲ್ಲ. ಆದರೆ ಭಂಡಾರದಿಂದ ಹೋಯಿತೆಂದು ನಿಮ್ಮ ಡಿಸ್ಕಿನಿಂದ ತಾನಾಗಿ ಹೋಗುವುದಿಲ್ಲ. ನೀವೇ ಎಂದೋ ಹಾಕಿಕೊಂಡ ಪೈಥಾನ್ 2 ಹಾಗೇ ಇರುತ್ತದೆ, ಓಡುತ್ತದೆ. ಅದರಲ್ಲಿ ನಾಳೆ ಒಂದು ಭದ್ರತಾ ಲೋಪ ಸಿಕ್ಕರೆ ಡೆಬಿಯನ್ 12ರ ಭದ್ರತಾ ತಂಡದಿಂದ ಅದಕ್ಕೆ ಅಪ್‌ಡೇಟ್ ಬರುವುದಿಲ್ಲ. ‘ಎಲ್ಲ ಪ್ಯಾಕೇಜುಗಳೂ ಅಪ್‌ಡೇಟ್ ಆಗಿವೆ’ ಎಂದು ಆ್ಯಪ್ಟ್ ಹೇಳುತ್ತಲೇ ಇರುತ್ತದೆ, ಅದು ಸುಳ್ಳೂ ಅಲ್ಲ. ಬರುವ ಅಪ್‌ಡೇಟೇ ಇಲ್ಲ. ಇಂಥವನ್ನು ಹುಡುಕಲು ಆ್ಯಪ್ಟ್‌ನ ಪಟ್ಟಿಯಲ್ಲಿ ‘ಆಬ್ಸೊಲೀಟ್’ ಎಂಬ ಶೋಧವಿದೆ: ಡಿಸ್ಕಿನಲ್ಲಿ ಇದ್ದು, ನೀವು ಸೇರಿಸಿಕೊಂಡ ಯಾವ ಭಂಡಾರದಲ್ಲೂ ಇಲ್ಲದ್ದನ್ನು ಅದು ತೋರಿಸುತ್ತದೆ. ಓಪನ್‌ಸೂಸೆಯ ಜಿಪ್ಪರ್ ಅನಾಥ ಎಂದು ಕರೆಯುವುದು ಇವನ್ನೇ. ಯಾವುದೋ ಕಂಪನಿಯ ಜಾಲತಾಣದಿಂದ ಇಳಿಸಿ ಹಾಕಿಕೊಂಡ ಡೆಬ್ ಫೈಲುಗಳೂ ಈ ಪಟ್ಟಿಯಲ್ಲಿ ಕಾಣಿಸುತ್ತವೆ. ಅವೆಲ್ಲ ಕೆಟ್ಟವೆಂದಲ್ಲ, ಆದರೆ ಅವುಗಳ ಹೊಸ ಆವೃತ್ತಿಯನ್ನು ವಿಚಾರಿಸುತ್ತಿರುವ ಹೊಣೆ ನಿಮ್ಮದು. ಹೊಸ ಆವೃತ್ತಿಗೆ ಏರಿದ ಪ್ರತಿ ಸಲವೂ ಈ ಪಟ್ಟಿ ನೋಡಲೇಬೇಕು. ನನ್ನ ಮಟ್ಟಿಗೆ ಇದು ಆಟೊರಿಮೂವ್‌ಗಿಂತ ಮುಖ್ಯವಾದ ಕೆಲಸ.

ಇದಕ್ಕೂ ಒಂದು ಹೆಜ್ಜೆ ಹಿಂದೆ ಹೋದರೆ, ಭಂಡಾರದಲ್ಲಿ ಇದ್ದೂ ನೋಡಿಕೊಳ್ಳುವವರಿಲ್ಲದ ಪ್ಯಾಕೇಜುಗಳು ಸಿಗುತ್ತವೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ನಲ್ಲಿ ಈಗ 60 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಒಂದೊಂದಕ್ಕೂ ಒಬ್ಬ ನಿರ್ವಾಹಕ ಅಥವಾ ಒಂದು ತಂಡ ಇರುತ್ತದೆ, ಬಹುಪಾಲು ಸ್ವಯಂಸೇವಕರು. ಅವರಿಗೆ ಮದುವೆಯಾಗುತ್ತದೆ, ಕೆಲಸ ಬದಲಾಗುತ್ತದೆ, ಆರೋಗ್ಯ ಕೈಕೊಡುತ್ತದೆ, ಆಸಕ್ತಿ ಬೇರೆಡೆಗೆ ಹೊರಳುತ್ತದೆ. ‘ಇನ್ನು ನನ್ನಿಂದಾಗದು’ ಎಂದು ಅವರು ಹೇಳಿದಾಗ ಆ ಪ್ಯಾಕೇಜಿನ ನಿರ್ವಾಹಕರ ಜಾಗದಲ್ಲಿ ಡೆಬಿಯನ್ ಕ್ಯೂಎ ಗ್ರೂಪ್ ಎಂಬ ಹೆಸರು ಬರುತ್ತದೆ, ಹೊಸಬರು ಬೇಕೆಂಬ ಪಟ್ಟಿಗೆ ಅದು ಸೇರುತ್ತದೆ. ಅಲ್ಲಿ ಯಾವಾಗ ನೋಡಿದರೂ ನೂರಾರು ಹೆಸರುಗಳಿರುತ್ತವೆ. ಫೆಡೋರಾ ಇನ್ನೂ ಬಿಗಿ: ಆರು ವಾರದೊಳಗೆ ಯಾರೂ ವಹಿಸಿಕೊಳ್ಳದಿದ್ದರೆ ಪ್ಯಾಕೇಜಿಗೆ ನಿವೃತ್ತಿ.

ಹಾಗೆಂದು ಕೈಚಾಚಿದವರಿಗೆಲ್ಲ ಕೊಟ್ಟುಬಿಡುವುದೂ ಸರಿಯಲ್ಲ. ಆರ್ಚ್ ಬಳಕೆದಾರರೇ ನಡೆಸುವ ಎಯುಆರ್ ಭಂಡಾರದಲ್ಲಿ ಅನಾಥ ಪ್ಯಾಕೇಜನ್ನು ಖಾತೆ ಇದ್ದ ಯಾರು ಬೇಕಾದರೂ ದತ್ತು ತೆಗೆದುಕೊಳ್ಳಬಹುದಿತ್ತು. 2018ರಲ್ಲಿ ಅಡೋಬಿಯ ಹಳೆಯ ಪಿಡಿಎಫ್ ರೀಡರಿನ ಪ್ಯಾಕೇಜು ಹೀಗೆ ಅನಾಥವಾಗಿತ್ತು. ಅಪರಿಚಿತ ಖಾತೆಯೊಂದು ಅದನ್ನು ವಹಿಸಿಕೊಂಡು, ಹೊರಗಿನಿಂದ ಒಂದು ಸ್ಕ್ರಿಪ್ಟನ್ನು ಇಳಿಸಿ ಓಡಿಸುವ ಸಾಲನ್ನು ಸೇರಿಸಿತು. ಆ ಸ್ಕ್ರಿಪ್ಟ್ ಕಂಪ್ಯೂಟರಿನ ವಿವರಗಳನ್ನು ಹೊರಗೆ ಕಳಿಸುವಂಥದ್ದು, ಮತ್ತೆ ಮತ್ತೆ ಓಡಲೆಂದು ಟೈಮರ್ ಕೂಡ ಹಾಕಿಕೊಳ್ಳುತ್ತಿತ್ತು. ಜುಲೈನಲ್ಲಿ ಅದು ಪತ್ತೆಯಾಗಿ, ಸೇರಿಸಿದ್ದನ್ನು ತೆಗೆದು ಖಾತೆಯನ್ನು ಮುಚ್ಚಿದರು. ಯಾವ ಬಾಗಿಲನ್ನೂ ಒಡೆಯಬೇಕಾಗಿರಲಿಲ್ಲ, ಮನೆಯೇ ಖಾಲಿ ಇತ್ತು.

ಇಂಥ ಅಪಾಯಕ್ಕೆ ಪ್ಯಾಕೇಜು ಪೂರ್ತಿ ಅನಾಥವಾಗಲೇಬೇಕೆಂದಿಲ್ಲ. ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುವಂಥದ್ದು. ಅದನ್ನು ಲಾಸೆ ಕಾಲಿನ್ ಬಹುಕಾಲ ಒಬ್ಬರೇ, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನಡೆಸಿಕೊಂಡು ಬಂದಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ 2021ರಿಂದ ನೆರವಿಗೆ ಬಂದ ಯಾರೋ ಒಬ್ಬರು ನಿಧಾನಕ್ಕೆ ನಂಬಿಕೆ ಗಳಿಸಿ ಸಹನಿರ್ವಾಹಕರಾದರು. 2024ರ ಆರಂಭದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್ ಮೂಲಕ ಕಂಪ್ಯೂಟರಿಗೆ ನುಗ್ಗಲು ಕಳ್ಳದಾರಿ ಇಟ್ಟಿದ್ದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಕಂಡು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅವರು ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಡೆಬಿಯನ್‌ನ ಪರೀಕ್ಷಾ ಆವೃತ್ತಿಯ ತನಕ ಬಂದಿದ್ದ ಅದು ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ದಣಿದ ಒಬ್ಬ ಮನುಷ್ಯನ ಪಕ್ಕದಲ್ಲಿ ನಿಲ್ಲಲು ಸದುದ್ದೇಶದ ಇನ್ನಿಬ್ಬರು ಮೊದಲೇ ಇದ್ದಿದ್ದರೆ ಈ ಹೊಂಚು ಇಷ್ಟು ಸಲೀಸಾಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಆದ್ದರಿಂದ ಡೆಬಿಯನ್ ಬಳಸುವ ಕನ್ನಡಿಗರಲ್ಲಿ ಒಂದು ಕೋರಿಕೆ. ‘ಹೌ ಕ್ಯಾನ್ ಐ ಹೆಲ್ಪ್’ ಎಂಬ ಪುಟ್ಟ ಪ್ಯಾಕೇಜೊಂದಿದೆ, ಹಾಕಿಕೊಳ್ಳಿ. ನಿಮ್ಮ ಕಂಪ್ಯೂಟರಿನಲ್ಲಿರುವ ಪ್ಯಾಕೇಜುಗಳಲ್ಲಿ ಅನಾಥವಾದವು, ನಿರ್ವಾಹಕರು ಸಹಾಯ ಬೇಡುತ್ತಿರುವವು ಯಾವುವು ಎಂದು ಆ್ಯಪ್ಟ್ ಓಡಿಸಿದಾಗಲೆಲ್ಲ ಅದು ತಿಳಿಸುತ್ತದೆ. ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದವರೂ ಅಲ್ಲಿ ದೋಷ ವರದಿ ಮಾಡಬಹುದು, ಅನುವಾದ ತಿದ್ದಬಹುದು, ಫಾಂಟಿನ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ಎಂದು ನೋಡಿ ಹೇಳಬಹುದು. ಪ್ಯಾಕೇಜು ಕಟ್ಟಬಲ್ಲವರು ಅಧಿಕೃತ ಡೆವಲಪರ್ ಆಗಿರಬೇಕಾಗಿಲ್ಲ, ಹಿರಿಯ ಡೆವಲಪರ್ ಒಬ್ಬರ ಪ್ರಾಯೋಜನೆಯಲ್ಲಿ ವಹಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಎಂದಾದರೂ ಕನ್ನಡದ ಫಾಂಟೋ, ಕೀಲಿಮಣೆಯೋ, ನಿಘಂಟೋ ಕಂಡರೆ ಇನ್ಯಾರಾದರೂ ನೋಡಿಕೊಳ್ಳುತ್ತಾರೆ ಎಂದು ಮುಂದೆ ಹೋಗಬೇಡಿ, ನೀವೇ ಬರೆದು ತಿಳಿಸಿ.