ಒಂದರ ಮೇಲೊಂದು ಬೋರ್ಡ್: ಪಿನ್ನುಗಳ ಲೆಕ್ಕಾಚಾರ

ಬೋರ್ಡಿನ ಮೇಲೆ ಬೋರ್ಡ್ ಪೇರಿಸಿ ಕಟ್ಟುವ ಕಂಪ್ಯೂಟರಿನಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಪ್ರೊಸೆಸರ್ ಯಾವುದೆಂದಲ್ಲ, ಕನೆಕ್ಟರಿನ ಯಾವ ಪಿನ್ನಿನಲ್ಲಿ ಏನು ಹರಿಯುತ್ತದೆ ಎಂಬುದು. ಮೆಮೊರಿ ಬೋರ್ಡನ್ನು ಮುಂದೆ ಎಂದಾದರೂ ಬದಲಿಸಬಹುದು. ಪಿನ್ನುಗಳ ಕ್ರಮ ಬದಲಾದರೆ ಹಳೆಯ ಬೋರ್ಡುಗಳೆಲ್ಲ ಮೂಲೆ ಸೇರುತ್ತವೆ.

1975ರ ಆಲ್ಟೇರ್ 8800ರಲ್ಲಿ ಬೋರ್ಡುಗಳು ಮದರ್‌ಬೋರ್ಡಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಅದರ 100 ಪಿನ್ನಿನ ಎಸ್-100 ಬಸ್ಸನ್ನು (ಎಲ್ಲ ಬೋರ್ಡುಗಳೂ ಹಂಚಿಕೊಳ್ಳುವ ಗೆರೆಗಳ ಗುಂಪನ್ನು) ಬೇರೆ ತಯಾರಕರೂ ಅನುಸರಿಸಿದರು. 1992ರ ಪಿಸಿ/104 ಮಾನದಂಡಕ್ಕೆ ಆ ಮದರ್‌ಬೋರ್ಡೂ ಬೇಡವಾಯಿತು. ಸುಮಾರು 90×96 ಮಿ.ಮೀ. ಬೋರ್ಡು, ಮೇಲೆ ಸಾಕೆಟ್, ಕೆಳಗೆ ಉದ್ದನೆಯ ಪಿನ್ನು. ಒಂದರ ಮೇಲೊಂದು ಒತ್ತಿದರೆ ಕನೆಕ್ಟರುಗಳ ಕಂಬವೇ ಬಸ್.

ಮನೆಯಲ್ಲಿ ಕಂಪ್ಯೂಟರ್ ಕಟ್ಟುವವರಿಗೆ ಝಡ್80 ಹಳೆಯ ನೆಚ್ಚಿನ ಚಿಪ್. ಅದರ 16 ಅಡ್ರೆಸ್ ಗೆರೆ, 8 ಡೇಟಾ ಗೆರೆ, ಓದು-ಬರಹದ ಸಂಕೇತಗಳು, ಕ್ಲಾಕ್, ವಿದ್ಯುತ್ತು ಎಲ್ಲ ಸೇರಿದರೂ 40 ಪಿನ್ನಿನ ಸಾಲು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಮಾಮೂಲಿ ಬರ್ಗ್ ಸ್ಟ್ರಿಪ್ ಮಾತ್ರ ಇಲ್ಲಿಗೆ ಆಗದು. ಸಾಕೆಟ್ಟಿನ ಕಾಲುಗಳೇ ಬೋರ್ಡನ್ನು ದಾಟಿ ಕೆಳಗಿಳಿಯುವ ಉದ್ದ ಕಾಲಿನ ಹೆಡರ್ ಬೇಕು.

ಎಲ್ಲ ಬೋರ್ಡುಗಳೂ ಅದೇ ಡೇಟಾ ಗೆರೆಗಳನ್ನು ಹಿಡಿದುಕೊಂಡಿರುವುದರಿಂದ ಒಂದು ಹೊತ್ತಿಗೆ ಒಂದೇ ಬೋರ್ಡ್ ಮಾತಾಡಬೇಕು. 74ಎಚ್‌ಸಿ138 ಚಿಪ್ ವಿಳಾಸದ ಮೂರು ಬಿಟ್ ನೋಡಿ ಎಂಟರಲ್ಲಿ ಒಂದು ಗೆರೆಯನ್ನು ಆರಿಸುತ್ತದೆ. ಯಾವ ಬೋರ್ಡಿಗೆ ಯಾವ ಗೆರೆ ಎಂಬುದು ಜಂಪರಿನಲ್ಲಿ ನಿರ್ಧಾರವಾಗುತ್ತದೆ. ಎರಡು ಬೋರ್ಡುಗಳಲ್ಲಿ ಒಂದೇ ಗೆರೆಗೆ ಜಂಪರ್ ಬಿದ್ದರೆ ಒಂದು ‘1’ ಎನ್ನುವಾಗ ಇನ್ನೊಂದು ‘0’ ಎನ್ನುತ್ತದೆ, ಚಿಪ್ಪುಗಳು ಬಿಸಿಯಾಗುತ್ತವೆ.

ಕರೆಂಟಿನದು ಬೇರೆ ತಾಪತ್ರಯ. ತುದಿಯ ಬೋರ್ಡಿಗೆ ಹೋಗುವ 5 ವೋಲ್ಟ್ ಕೆಳಗಿನ ಎಲ್ಲ ಕನೆಕ್ಟರುಗಳನ್ನೂ ದಾಟಬೇಕು, ದಾಟಿದಲ್ಲೆಲ್ಲ ಚೂರು ಇಳಿಯುತ್ತದೆ. ಗ್ರೌಂಡಿಗೆ ಒಂದೇ ಪಿನ್ ಕೊಟ್ಟು ಉಳಿಸುವುದು ಸುಳ್ಳು ಮಿತವ್ಯಯ. ಬಿಸಿಯಾಗುವ ರೆಗ್ಯುಲೇಟರನ್ನು ಗಾಳಿಯಾಡದ ನಡುಬೋರ್ಡಿನಲ್ಲಿ ಇಡುವುದೂ ಸಲ್ಲದು.

ಹೀಗೆ ಇಕ್ಕಟ್ಟಿನ ಪೆಟ್ಟಿಗೆಯೊಳಗೆ ಎಲ್ಲವನ್ನೂ ಹೊಂದಿಸುವ ಕೆಲಸ ಬೆಂಗಳೂರಿನ ಯಲಹಂಕಕ್ಕೆ ಹೊಸದಲ್ಲ. ಅಲ್ಲಿನ ನಿಟ್ಟೆ ಮೀನಾಕ್ಷಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಮುಂದಾಳತ್ವದಲ್ಲಿ ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ಸ್ಟಡ್‌ಸ್ಯಾಟ್ ಎಂಬ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್ ಏರಿ ಕಕ್ಷೆ ಸೇರಿತು. 10×10×13.5 ಸೆಂ.ಮೀ. ಗಾತ್ರ, ಒಂದು ಕಿಲೋಗಿಂತ ಕಡಿಮೆ ತೂಕ. ಅಷ್ಟರಲ್ಲೇ ಕಂಪ್ಯೂಟರ್, ರೇಡಿಯೋ, ಬ್ಯಾಟರಿ, ಕ್ಯಾಮೆರಾ.

ಈ ಬಗೆಯ ಪುಟಾಣಿ ಉಪಗ್ರಹಗಳಲ್ಲಿ ಪಿಸಿ/104ರ ಕನೆಕ್ಟರ್ ಜಗತ್ತಿನ ಹಲವೆಡೆ ರೂಢಿಯಲ್ಲಿದೆ. ಎರವಲು ಬಂದದ್ದು ಆಕಾರ ಮಾತ್ರ, ಪಿನ್ನುಗಳ ಹಂಚಿಕೆ ತಯಾರಕರಿಂದ ತಯಾರಕರಿಗೆ ಬೇರೆ. ಹೀಗಾಗಿ ಇಬ್ಬರ ಬೋರ್ಡುಗಳು ಸಲೀಸಾಗಿ ಕೂತರೂ ಒಬ್ಬರ ಡೇಟಾ ಗೆರೆಗೆ ಇನ್ನೊಬ್ಬರ ಬ್ಯಾಟರಿ ತಗಲಬಹುದು. ಪೇರಿಸುವ ಮುನ್ನ ಎರಡರ ನಕ್ಷೆಗಳನ್ನೂ ಪಕ್ಕಪಕ್ಕ ಇಟ್ಟು ಪಿನ್ ಪಿನ್ನೂ ತಾಳೆ ನೋಡಬೇಕಾಗುವುದು ಇದಕ್ಕೇ.